ಅಮೆರಿಕದ ‘ಉಗ್ರ’ರು ಮತ್ತು ನನ್ನ ಬಣ್ಣದ ಪಾಠ

ಒಳಗೆ ಹೋಗುವ ಮುಂಚೆ ಫೋನನ್ನು ಬಾಗಿಲ ಹತ್ತಿರದ ಸ್ಟೀಲ್ ತಟ್ಟೆಗೆ ಹಾಕಬೇಕಿತ್ತು. ಪೆನ್ನು, ಕಾಗದ, ಬ್ಯಾಗು ಎಲ್ಲ ಹೊರಗೆ. ಕಂಪ್ಯೂಟರಿನಲ್ಲಿ ಕೆಲಸದ ಪುಟವೊಂದೇ ತೆರೆಯುತ್ತಿತ್ತು, ಬೇರೆ ಏನನ್ನು ಹುಡುಕಿದರೂ ಬರುತ್ತಿರಲಿಲ್ಲ. ತಿಪಟೂರಿನ ಮಾರ್ಕೆಟ್ ಯಾರ್ಡಿನ ಹಿಂದೆ, ಕೆಳಗೆ ಕೊಬ್ಬರಿ ಗೋದಾಮು, ಮೇಲೆ ನಾವು ಡೇಟಾ ಕೆಲಸ ಮಾಡುವ ಸೆಂಟರು. ಹರಾಜಿನ ದಿನ ಲಾರಿಗಳು ಅಡ್ಡ ನಿಂತು ಮೆಟ್ಟಿಲಿಗೆ ದಾರಿಯೇ ಇರುತ್ತಿರಲಿಲ್ಲ. ಮೂಟೆಗಳ ಸಂದಿಯಲ್ಲಿ ತೂರಿಕೊಂಡು, ಸೀರೆಗೆಲ್ಲ ಕೊಬ್ಬರಿ ವಾಸನೆ ಹತ್ತಿಸಿಕೊಂಡು ಮೇಲೆ ಹೋಗಿ ಕೂತರೆ ಎದುರಿಗೆ ಅಮೆರಿಕದ ಚುನಾವಣೆ.

ಕೆಲಸ ಇಷ್ಟು. ಅಮೆರಿಕದ ಒಂದು ಸಂಶೋಧನಾ ತಂಡ ಅಲ್ಲಿನ ಚುನಾವಣಾ ಜಾಹೀರಾತುಗಳನ್ನು ಒಟ್ಟು ಮಾಡಿತ್ತು. ಟೀವಿಯಲ್ಲಿ ಬಂದವು, ಫೋನಿನಲ್ಲಿ ಬಂದವು, ಮನೆಮನೆಗೆ ಅಂಚೆಯಲ್ಲಿ ಹೋದ ಕರಪತ್ರಗಳು. ಒಂದೊಂದನ್ನೂ ನೋಡಿ ನಾಲ್ಕು ಪ್ರಶ್ನೆಗೆ ಉತ್ತರ ತುಂಬಬೇಕು. ಇದನ್ನು ಹೇಳುತ್ತಿರುವವರು ಯಾವ ಪಕ್ಷ? ಯಾರ ಬಗ್ಗೆ ಹೇಳುತ್ತಿದ್ದಾರೆ? ಎದುರಾಳಿಯನ್ನು ‘ಉಗ್ರ’ ಎಂದು ಕರೆದಿದ್ದಾರೆಯೇ? ಕರೆದಿದ್ದರೆ ಅದಕ್ಕೊಂದು ಆಧಾರ ಕೊಟ್ಟಿದ್ದಾರೆಯೇ, ಇಲ್ಲ ಬರೀ ಬೈಗುಳವೇ?

ಪ್ರಶ್ನೆಗಳಿದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿನ ‘ಎಕ್ಸ್‌ಟ್ರೀಮ್’ ನಮ್ಮ ರೂಮಿನ ಬಾಯಲ್ಲಿ ‘ಉಗ್ರ’ ಆಯಿತು. ‘ಇದಕ್ಕೆ ಉಗ್ರ ಹಾಕು’, ‘ಉಗ್ರ ಹೌದು, ಆಧಾರ ಇಲ್ಲ’ ಎಂದು ದಿನವಿಡೀ ಇದೇ ಮಾತು. ಕೆಳಗೆ ಮೂಟೆ ಹೊರುವವರು ಕೇಳಿಸಿಕೊಂಡಿದ್ದರೆ ನಮ್ಮನ್ನೇ ಪೊಲೀಸರಿಗೆ ಹಿಡಿದುಕೊಡುತ್ತಿದ್ದರು.

ಎರಡೂ ಪಕ್ಷದವರು ಎದುರಾಳಿಯ ಬಾಯಿ ಅರ್ಧ ತೆರೆದಿರುವ ಕ್ಷಣವನ್ನೇ ಹುಡುಕಿ ಚಿತ್ರ ನಿಲ್ಲಿಸುತ್ತಿದ್ದರು. ಬಣ್ಣ ತೆಗೆದು, ಮುಖಕ್ಕೆ ಮಸಿ ಬಳಿದಂತೆ ಮಾಡಿ, ಹಿಂದೆ ಒಂದು ಗುಡುಗಿನಂಥ ಸದ್ದು. ಆಮೇಲೆ ಗಂಭೀರ ದನಿಯೊಂದು, ಇವರು ನಮ್ಮ ರಾಜ್ಯಕ್ಕೆ ಆಗದ ಉಗ್ರರು ಎನ್ನುತ್ತಿತ್ತು. ಶಾಲಾ ಸಮಿತಿಗೆ ನಿಂತ, ನಮ್ಮ ಅಂಗನವಾಡಿ ಟೀಚರ್ ಥರ ಕಾಣುವ ಹೆಂಗಸನ್ನೂ ಹಾಗೇ ತೋರಿಸಿದ್ದರು. ಅವಳ ಎದುರಾಳಿಯ ಕರಪತ್ರ ತೆಗೆದರೆ ಅವನನ್ನೂ ಅದೇ ಮಾತಿನಲ್ಲಿ ಬೈದಿದ್ದರು. ಮುಖಗಳನ್ನು ಅದಲುಬದಲು ಮಾಡಿದರೂ ನಡೆಯುತ್ತಿತ್ತು.

ತಂಡದಲ್ಲಿ ಒಂಬತ್ತು ಜನ. ಒಂದೊಂದು ಜಾಹೀರಾತೂ ಮೂವರ ಮುಂದೆ ಹೋಗುತ್ತಿತ್ತು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಮೂವರಲ್ಲಿ ಇಬ್ಬರು ಹೇಳಿದ್ದೇ ಸರಿಯುತ್ತರ. ಬೇರೆ ಹೇಳಿದವರ ಹೆಸರಿಗೆ ಒಂದು ತಪ್ಪು ಬೀಳುತ್ತಿತ್ತು. ವಾರದ ಕೊನೆಗೆ ತಪ್ಪುಗಳು ಒಂದು ಗೆರೆ ದಾಟಿದರೆ ಎಚ್ಚರಿಕೆ, ಎರಡು ವಾರ ಸತತವಾಗಿ ದಾಟಿದರೆ ಐಡಿ ಬಂದ್, ಅಂದರೆ ಕೆಲಸ ಹೋಯಿತು. ತಕರಾರಿದ್ದರೆ ಪಕ್ಕದ ಚೌಕದಲ್ಲಿ ಟಿಪ್ಪಣಿ ಬರೆಯಬಹುದಿತ್ತು. ಅದನ್ನು ಓದಿ ತೀರ್ಮಾನ ಮಾಡುವುದು ತಂಡದ ಲೀಡರ್ ಕೆಲಸ, ರೂಮಿನಲ್ಲಿ ಅದಕ್ಕೆ ಪಂಚಾಯ್ತಿ ಎಂದು ಹೆಸರು. ಲೀಡರ್ ನಾನು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಪಿಗೆ ಹತ್ತಿರದ ನಮ್ಮೂರಲ್ಲಿ ಅವ್ವ ಈಗಲೂ ಬೇರೆಯವರ ಅಟ್ಟದ ಕಾಯಿ ಇಳಿಸಿ, ಚಿಪ್ಪು ಬಿಡಿಸಿ ಕೊಬ್ಬರಿ ಮಾಡುವ ಕೂಲಿಗೆ ಹೋಗುತ್ತಾಳೆ. ಅವಳ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ಆ ಕೈ ಓದಿಸಿದ ಎಂ.ಎ. ನನ್ನದು, ಅದೂ ರಾಜ್ಯಶಾಸ್ತ್ರದಲ್ಲಿ. ಆದ್ದರಿಂದ ಈ ಕೆಲಸ ಬಂದಾಗ ಇದು ನನಗಾಗಿಯೇ ಬಂದದ್ದು ಎಂದುಕೊಂಡೆ. ರೂಮಿನಲ್ಲಿ ಉಳಿದವರು ಬಿ.ಕಾಂ., ಬಿ.ಎಸ್ಸಿ. ಎಡ ಬಲ ಎಂದರೇನು ಎಂದು ಅವರಿಗೆ ಹೇಳಿಕೊಡಬೇಕಾದವಳು ನಾನೇ ಆಗಿದ್ದೆ.

ಕಷ್ಟ ಶುರುವಾದದ್ದು ಎರಡನೆಯ ದಿನ. ಒಂದು ಕಡತದ ಜಾಹೀರಾತುಗಳಲ್ಲಿ ಪಕ್ಷದ ಹೆಸರು ಸ್ಪಷ್ಟವಾಗಿತ್ತು, ಅದರಲ್ಲಿ ತೊಂದರೆಯಿಲ್ಲ. ಇನ್ನೊಂದು ಕಡತದಲ್ಲಿ ಪಕ್ಷದ ಹೆಸರೇ ಇಲ್ಲ. ಅಭ್ಯರ್ಥಿ ತನ್ನ ಪಕ್ಷ ಹೇಳಿಕೊಳ್ಳುವುದಿಲ್ಲ, ಎದುರಾಳಿಯದನ್ನೂ ಹೇಳುವುದಿಲ್ಲ, ಬರೀ ಉಗ್ರ ಎನ್ನುತ್ತಾನೆ. ನಮಗೆ ಕಳಿಸಿದ್ದ ಕೈಪಿಡಿಯಲ್ಲಿ, ಜಾಹೀರಾತಿನಲ್ಲಿ ಕಾಣುವ ಎಲ್ಲ ಸುಳಿವುಗಳನ್ನೂ ಬಳಸಿ ಪಕ್ಷ ಗುರುತಿಸಿ ಎಂದಷ್ಟೇ ಇತ್ತು.

ನಾನು ಎದ್ದು ಬೋರ್ಡಿನ ಮುಂದೆ ನಿಂತು ಬರೆದೆ. ಕೆಂಪು ಎಂದರೆ ಎಡ, ನೀಲಿ ಎಂದರೆ ಬಲ. ಯಾವ ಬಣ್ಣದಲ್ಲಿ ಅಭ್ಯರ್ಥಿಯ ಹೆಸರಿದೆಯೋ ಅದೇ ಅವರ ಪಕ್ಷ. ಇದರಲ್ಲಿ ನನಗೆ ಒಂದು ಚೂರೂ ಅನುಮಾನವಿರಲಿಲ್ಲ. ತಾಲ್ಲೂಕು ಕಚೇರಿ ಮುಂದೆ ಬಿಸಿಯೂಟದ ಹೆಂಗಸರು ಹಿಡಿದು ಕೂರುವ ಬಾವುಟ ಕೆಂಪು. ಕಾಲೇಜಿನಲ್ಲಿ ಓದಿದ ಕ್ರಾಂತಿಯ ಪಾಠಗಳ ಪುಸ್ತಕದ ರಟ್ಟೂ ಕೆಂಪು. ಲೋಕದಲ್ಲೆಲ್ಲ ಕೆಂಪು ಎಡದವರದ್ದೇ ಎಂದು ನಾನು ನಂಬಿದ್ದೆ. ಅಲ್ಲದೆ ಮೊದಲ ಕಡತದಲ್ಲಿ ‘ಎಡಪಂಥದ ಉಗ್ರ’ ಎಂದು ಬೈಯುವ ಜಾಹೀರಾತುಗಳಲ್ಲಿ, ಬೈಸಿಕೊಂಡವನ ಮುಖದ ಹಿಂದೆ ಕೆಂಪು ಬಳಿದಿರುತ್ತಿದ್ದರು. ನನ್ನ ಪಾಠಕ್ಕೆ ಅದೇ ಸಾಕ್ಷಿಯಾಯಿತು.

“ಕಣ್ಣು ಮುಚ್ಕೊಂಡು ಬಣ್ಣ ನೋಡಿ ಹಾಕಿ” ಎಂದೆ. ಕಣ್ಣು ಮುಚ್ಚಿಕೊಂಡು ಬಣ್ಣ ನೋಡೋದು ಹೆಂಗಕ್ಕ ಎಂದು ಹೊನ್ನವಳ್ಳಿಯವನು ನಗಿಸಿದ. ಅವನು ನನ್ನ ಸರೀಕ. ಮನೆಯಲ್ಲಿ ತೆಂಗಿನ ತೋಟ ಇದ್ದರೂ ಕಂಪ್ಯೂಟರ್ ಮುಂದೆಯೇ ಕೂರಬೇಕೆಂದು ಬಂದವನು. ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು.

ನಗದೇ ಇದ್ದವಳು ಒಬ್ಬಳೇ. ಊರೊಳಗಿನ ಮಸೀದಿ ಬೀದಿಯ ಟೈಲರ್ ಮಗಳು. ಬಿ.ಎ. ಮುಗಿಸಿ ಸೆಂಟರಿಗೆ ಬಂದು ಆರು ತಿಂಗಳಾಗಿತ್ತು. ಅವರ ಮನೆಯಲ್ಲೂ ಅವಳೇ ಮೊದಲ ಡಿಗ್ರಿ. ತಂದೆ ಅಂಗಡಿಗೆ ಬಂದವರಿಗೆಲ್ಲ ಮಗಳು ಅಮೆರಿಕದ ಕೆಲಸ ಮಾಡುತ್ತಾಳೆ ಎಂದು ಹೇಳುತ್ತಾರೆಂದು ಅವಳೇ ಒಮ್ಮೆ ನಾಚುತ್ತ ಹೇಳಿದ್ದಳು. ಅವತ್ತು ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದಳು.

“ಅಕ್ಕ, ಅಡೀಲಿ ಸಣ್ಣಕ್ಷರದಲ್ಲಿ ಇದನ್ನ ದುಡ್ಡು ಕೊಟ್ಟು ಹಾಕ್ಸಿದ ಸಮಿತಿ ಯಾವುದು ಅಂತ ಇರತ್ತಲ್ಲ, ಅದನ್ನ ನೋಡಬಹುದಲ್ವಾ?”

“ಅದರಲ್ಲಿ ಪಾರ್ಟಿ ಹೆಸರು ಇರುತ್ತಾ?”

“ಪಾರ್ಟಿ ಹೆಸರು ಇರಲ್ಲ.”

“ಮತ್ತೆ? ಟೈಮ್ ವೇಸ್ಟು ಕಣೇ. ಬಣ್ಣ ನೋಡಿ ಹಾಕು.”

ಒಂದೊಂದು ಜಾಹೀರಾತಿಗೆ ಇಷ್ಟು ನಿಮಿಷ ಎಂದು ಗಡಿಯಾರ ಓಡುತ್ತಿತ್ತು. ಅಡಿಯ ಅಕ್ಷರ ಎಷ್ಟು ಸಣ್ಣದೆಂದರೆ ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ ಓದಬೇಕು. ನನ್ನ ಉತ್ತರ ನನಗೆ ಸರಿಯಾಗಿಯೇ ಕಂಡಿತು.

ಮೊದಲ ವಾರ ಮುಗಿದಾಗ ಅವಳ ತಪ್ಪುಗಳು ಗೆರೆ ದಾಟಿದ್ದವು, ಎಚ್ಚರಿಕೆ ಬಂತು. ಅವಳ ತಪ್ಪುಗಳು ಸುಮಾರು ಎಲ್ಲವೂ ಪಕ್ಷದ ಹೆಸರಿಲ್ಲದ ಕಡತದಲ್ಲೇ. ಉಳಿದ ಇಬ್ಬರು ಒಂದು ಪಕ್ಷ ಎಂದರೆ ಅವಳು ಇನ್ನೊಂದು ಪಕ್ಷ ಎಂದಿದ್ದಳು, ಹೆಚ್ಚಿನವು ಒಂದೇ ಪಕ್ಷದ ಹೆಸರಿಗೆ. ತಕರಾರಿನ ಚೌಕದಲ್ಲಿ ‘ಅಡಿಯ ಹೆಸರು ನೋಡಿ’ ಎಂದು ಬರೆದಿದ್ದಳು. ನಾನು ಪಂಚಾಯ್ತಿ ಮಾಡಿ ಪ್ರತಿಯೊಂದಕ್ಕೂ ‘ಬಣ್ಣ ನೋಡಿ’ ಎಂದು ಬರೆದು ಮುಚ್ಚಿದೆ. ಹಾಗೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆ ವಾರದ ಕೆಲಸ ಅಮೆರಿಕಕ್ಕೆ ಹೋಯಿತು.

ಎರಡನೆಯ ವಾರ ಒಂದೆರಡು ದಿನ ಅವಳು ನಾವು ಹೇಳಿದಂತೆಯೇ ಹಾಕಿದಳು. ಆಮೇಲೆ ಮತ್ತೆ ಅದೇ. ರೂಮಿನಲ್ಲಿ ಗುಸುಗುಸು ಶುರುವಾಯಿತು. ಮೂವರಲ್ಲಿ ಒಬ್ಬಳಾಗಿ ಅವಳು ಇದ್ದರೆ ಪಂಚಾಯ್ತಿ ಗ್ಯಾರಂಟಿ, ತಮ್ಮ ಕೆಲಸವೂ ತಡ ಎಂದು ಉಳಿದವರಿಗೆ ಬೇಸರ. ಒಂದು ದಿನ ಟೀ ಕುಡಿಯುವಾಗ ಹೊನ್ನವಳ್ಳಿಯವನು ಎಲ್ಲರ ಮುಂದೆ ಕೇಳಿದ.

“ಅಲ್ಲಮ್ಮ, ನೀನು ಯಾವ ಪಾರ್ಟಿ?”

ಅವಳು ಲೋಟ ಕೆಳಗಿಟ್ಟಳು. “ನಂಗೆ ಅಲ್ಲಿ ಓಟಿಲ್ಲ ಅಣ್ಣ.”

“ಓಟಿಲ್ದಿದ್ರೂ ಪಾರ್ಟಿ ಇರುತ್ತೆ ಬುಡು. ಆ ಪಾರ್ಟಿಯೋರು ನಿಮ್ಮೋರ್ನ ಬೈದಿರೋ ಜಾಹೀರಾತು ನಾವೂ ನೋಡಿದ್ದೀವಿ. ಅದಕ್ಕೇ ಬೈಯೋ ಕೆಲಸ ಎಲ್ಲ ಅವರ ತಲೆಗೇ ಕಟ್ತಿದ್ದೀಯ. ಕಡೆಗೆ ಉಗ್ರ ಯಾರು ಅಂತ ನಾವೇ ಕಂಡುಹಿಡೀಬೇಕಾಯ್ತದೆ.”

ಅವನು ತಮಾಷೆಗೆ ಹೇಳಿದ್ದು, ನಾಲ್ಕು ಜನ ನಕ್ಕರು. ಅವಳು ದುಪಟ್ಟದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿ, ಎದ್ದು ಒಳಗೆ ಹೋದಳು. ಹೇಳಬೇಕಾಗಿದ್ದವಳು ನಾನು. ಟೀ ಲೋಟದ ಕೆನೆ ಊದುತ್ತ ಕೂತಿದ್ದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಅನುಮಾನವಿತ್ತು. ಒಂದೇ ಕಡೆಗೆ ಇಷ್ಟು ತಪ್ಪು ಬೀಳಬೇಕಾದರೆ ಮನಸ್ಸು ಎಲ್ಲೋ ವಾಲಿರಬೇಕು ಎಂದು ನಾನೂ ಲೆಕ್ಕ ಹಾಕಿದ್ದೆ.

ಶುಕ್ರವಾರ ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆದರು. ಅವರು ತುಮಕೂರಿನಿಂದ ದಿನಾ ರೈಲಿನಲ್ಲಿ ಬರುವವರು, ಸೆಂಟರು ಮುಚ್ಚದಂತೆ ಮೂರು ವರ್ಷ ಎಳೆದು ತಂದವರು. ಪತ್ರ ತಯಾರಾಗಿತ್ತು. ಎರಡನೆಯ ವಾರವೂ ಗೆರೆ ದಾಟಿದ್ದರಿಂದ ಐಡಿ ಬಂದ್. ಕಾರಣದ ಜಾಗದಲ್ಲಿ, ಉತ್ತರಗಳಲ್ಲಿ ರಾಜಕೀಯ ಪಕ್ಷಪಾತ ಕಂಡುಬಂದಿದೆ ಎಂದಿತ್ತು. ನಮ್ಮ ಕಂಪನಿಗೆ ಬೇರೆ ಊರುಗಳಲ್ಲೂ ಸೆಂಟರುಗಳಿವೆ. ಆ ಒಂದು ಸಾಲು ಐಡಿಗೆ ಅಂಟಿಕೊಂಡರೆ ಯಾವ ಸೆಂಟರಿನಲ್ಲೂ ಯಾವ ಕೆಲಸಕ್ಕೂ ಅವಳನ್ನು ತೆಗೆದುಕೊಳ್ಳುವುದಿಲ್ಲ. ಲೀಡರ್ ಒಪ್ಪಿಗೆ ಹಾಕಿದರೆ ಪತ್ರ ಹೊರಡುತ್ತದೆ, ಶನಿವಾರ ಹನ್ನೆರಡು ಗಂಟೆಯೊಳಗೆ ಹಾಕಬೇಕು.

ಒಪ್ಪಿಗೆ ಹಾಕುವ ಮುಂಚೆ ಅವಳಿಗೆ ಬಾಯಲ್ಲಿ ಹೇಳಬೇಕು, ಅವಳು ಪರದೆಯ ಮೇಲೆ ಓದಿ ತಿಳಿಯಬಾರದು ಎನ್ನಿಸಿತು. ನನ್ನದೊಂದು ಬ್ಲೌಸೂ ಅವಳ ತಂದೆಯ ಅಂಗಡಿಯಲ್ಲಿತ್ತು. ಸಂಜೆ ಅದನ್ನೇ ನೆಪ ಮಾಡಿಕೊಂಡು ಹೋದೆ.

ಅಂಗಡಿ ಎಂದರೆ ಎರಡು ಮಷೀನು, ಗೋಡೆಯುದ್ದಕ್ಕೂ ಒಂದು ಹಗ್ಗ. ಹಗ್ಗದ ಮೇಲೆ ಹತ್ತು ಹನ್ನೆರಡು ಬ್ಲೌಸು, ಎಲ್ಲವೂ ಒಂದೇ ಅರಿಶಿನ ಬಣ್ಣ. ಯಾವುದೋ ಮದುವೆಗೆ ಮನೆಯ ಹೆಂಗಸರೆಲ್ಲ ಒಂದೇ ಥರದ ಸೀರೆ ತೆಗೆದಿದ್ದರಂತೆ. ಅವಳು ಮೂಲೆಯಲ್ಲಿ ಕೂತು ಹುಕ್ಕು ಹೊಲಿಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಸ್ಟೂಲಿನ ಮೇಲಿನ ಬಟ್ಟೆ ತೆಗೆದು ಕೂರಿಸಿದಳು. ತಂದೆ ಕನ್ನಡಕದ ಮೇಲಿನಿಂದ ನೋಡಿ, ಮೇಡಂ ಬಂದವ್ರೆ, ಚಾ ಹೇಳು ಬೇಟಾ ಎಂದರು. ನಾನು ಬಂದ ಕೆಲಸ ಅವರಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಾಗಿತ್ತು ಎಂದು ಅವಳು ಸೂಜಿ ಹಿಡಿದ ರೀತಿಯಲ್ಲೇ ತಿಳಿಯಿತು.

ಮಾತು ಹೇಗೆ ಶುರು ಮಾಡುವುದೆಂದು ನಾನು ತಡವರಿಸುತ್ತಿರುವಾಗ ಮದುವೆ ಮನೆಯ ಹೆಂಗಸೊಬ್ಬರು ಅವಸರದಲ್ಲಿ ಬಂದರು.

“ಮಾಸ್ಟ್ರೇ, ಆ ಅರಿಶಿನದ್ದು ನಮ್ಮದು, ಕೊಟ್ಬುಡಿ, ಆಟೋ ನಿಂತದೆ.”

“ಬಣ್ಣ ಹೇಳಬೇಡಿ ಅಮ್ಮ. ಚೀಟಿ ಕೊಡಿ.”

“ಚೀಟಿ ಎಲ್ಲಿ ಹೋಯ್ತೋ. ನಮ್ಮದೇ ಕಣ್ರೀ ಅದು, ಕಾಣಲ್ವಾ?”

“ಕಾಣೋದು ಎಲ್ರುದೂ ಒಂದೇ ಥರ. ಹೆಸರು ಹೇಳಿ.”

ಹೆಸರು ಕೇಳಿ, ಅವರು ಒಂದೊಂದೇ ಬ್ಲೌಸಿನ ಒಳಮಡಿಕೆ ತಿರುಗಿಸಿದರು. ಪ್ರತಿಯೊಂದಕ್ಕೂ ಒಳಗೆ ಬೆರಳಗಲದ ಚೀಟಿ ಪಿನ್ನು ಚುಚ್ಚಿತ್ತು, ಅದರ ಮೇಲೆ ಹೆಸರು, ಅಳತೆ. ಎಂಟನೆಯದರಲ್ಲಿ ಸಿಕ್ಕಿತು. ಆ ಹೆಂಗಸು ಬೆರಳು ತೋರಿಸಿದ್ದು ಮೊದಲನೆಯದನ್ನು. ಹೆಂಗಸು ಹೋದ ಮೇಲೆ ಅವರು ನನ್ನ ಕಡೆ ತಿರುಗಿ, ಹಿಂದೆ ಒಂದು ಸಲ ಬಣ್ಣ ನೋಡಿ ಕೊಟ್ಟು ಮದುವೆ ದಿನ ಎರಡು ಮನೆಯವರ ಕೈಲಿ ಬೈಸಿಕೊಂಡದ್ದನ್ನು ಹೇಳಿದರು. ಆವತ್ತಿನಿಂದ ಚೀಟಿ ಓದದೆ ಬಟ್ಟೆ ಮುಟ್ಟುವುದಿಲ್ಲವಂತೆ. ಮಕ್ಕಳಿಗೂ ಅಕ್ಷರ ಬಂದ ದಿನವೇ ಕಲಿಸಿದ ಮೊದಲ ಕೆಲಸ ಅದೇ.

ನಾನು ಮಗಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಹುಕ್ಕು ಹೊಲಿಯುತ್ತಿದ್ದಳು.

“ಅಡಿಯ ಸಮಿತಿ ಹೆಸರಿನಿಂದ ಪಾರ್ಟಿ ಹೆಂಗೆ ಗೊತ್ತಾಗುತ್ತೆ?” ಎಂದು ಕೇಳಿದೆ. ಹತ್ತು ದಿನದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

“ಪಾರ್ಟಿ ಹೆಸರಿರೋ ಕಡತದಲ್ಲೂ ಅವೇ ಸಮಿತಿಗಳು ಬತ್ತವಲ್ಲ ಅಕ್ಕ. ಅಲ್ಲಿ ನೋಡ್ಕೊಂಡು ಇಲ್ಲಿ ಹಾಕ್ದೆ. ಕಾಗದ ಒಳಗೆ ಬಿಡಲ್ವಲ್ಲ, ಬಾಯಿಪಾಠ ಮಾಡ್ಕೊಂಡೆ.”

“ಇಷ್ಟು ನನಗೆ ಯಾಕೆ ಬಿಡಿಸಿ ಹೇಳಲಿಲ್ಲ?”

“ಹೇಳಕ್ಕೇ ಬಂದಿದ್ದೆ. ಬಣ್ಣ ನೋಡು ಅಂದ್ರಿ. ನೀವು ಅದನ್ನೇ ಓದಿದೋರು, ನಾನೇ ತಪ್ಪಿರಬೇಕು ಅಂತ ಎರಡು ದಿನ ಬಣ್ಣ ನೋಡೇ ಹಾಕ್ದೆ. ಕೈ ಬರಲಿಲ್ಲ ಅಕ್ಕ.”

ಚಾ ಬಂತು. ಕುಡಿದೆ. ಐಡಿಯ ವಿಷಯ ಹೇಳಲಿಲ್ಲ. ಬ್ಲೌಸು ತೆಗೆದುಕೊಳ್ಳುವುದನ್ನೂ ಮರೆತು ಬಸ್ ಸ್ಟ್ಯಾಂಡಿಗೆ ಬಂದೆ. ತುರುವೇಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಹುಡುಕಿದೆ. ಕಂಡಕ್ಟರ್ ಬಾಗಿಲು ಬಡಿಯುವಷ್ಟರಲ್ಲಿ ಉತ್ತರ ಬಂದಿತ್ತು. ಅಮೆರಿಕದಲ್ಲಿ ಕೆಂಪು ಬಲಕ್ಕೆ ವಾಲಿದ ಪಕ್ಷದ ಬಣ್ಣ, ನೀಲಿ ಎಡಕ್ಕೆ ವಾಲಿದ ಪಕ್ಷದ್ದು. ಅಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದಕ್ಕೇ ಕೈಪಿಡಿಯಲ್ಲಿ ಬರೆದಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ನಾನು ಮೊದಲ ದಿನವೇ ಮನೆಗೆ ಹೋಗಿ ಹುಡುಕುತ್ತಿದ್ದೆ. ಗೊತ್ತಿದೆ ಎಂದುಕೊಂಡಿದ್ದೆನಲ್ಲ.

ಇನ್ನೂ ಸ್ವಲ್ಪ ಓದಿದೆ. ಅಭ್ಯರ್ಥಿಗಳು ಎಲ್ಲ ಸಲವೂ ತಮ್ಮ ಪಕ್ಷದ ಬಣ್ಣವನ್ನೇ ಹಾಕಬೇಕೆಂದಿಲ್ಲ. ಬೇಕಾದ ಬಣ್ಣ ಹಾಕಿಕೊಳ್ಳುತ್ತಾರೆ. ಎದುರಾಳಿಯ ಮುಖದ ಹಿಂದಿನ ಕೆಂಪಂತೂ ಬರೀ ಹೆದರಿಸಲು ಬಳಿದದ್ದು, ಅದು ಯಾವ ಪಕ್ಷದ ಗುರುತೂ ಅಲ್ಲ. ನಾನು ಸಾಕ್ಷಿ ಎಂದು ಹಿಡಿದುಕೊಂಡಿದ್ದು ಅದನ್ನೇ.

ಮನೆಯಲ್ಲಿ ಅವ್ವ ದಿನಾ ಕೇಳುವಂತೆ, ಇವತ್ತು ಯಾರು ಯಾರ್ನ ಬೈದ್ರು ಎಂದು ಕೇಳಿದಳು. ಅವಳಿಗೆ ಅದು ಧಾರಾವಾಹಿಯಂತೆ ಆಗಿತ್ತು. ಹತ್ತು ದಿನವೂ ನಾನು ಊಟಕ್ಕೆ ಕೂತು, ಆ ಒಂದು ಪಕ್ಷದವರಿಗೆ ಆಧಾರ ಬೇಡ, ಪುರಾವೆ ಬೇಡ, ಕಂಡವರನ್ನೆಲ್ಲ ಉಗ್ರ ಎನ್ನುತ್ತಾರೆ ಎಂದು ಸಿಟ್ಟಿನಿಂದ ಹೇಳಿದ್ದೆ. ನಡೆದದ್ದನ್ನು ಹೇಳಿದೆ. ಅವಳು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

“ಇಷ್ಟು ದಿನ ಅವರ್ನ ಬೈಕೊಂಡು ತಿರುಗ್ತಿದ್ದೆಯಲ್ಲೇ. ಈಗ ಅವರ ಕಾಲಿಗೆ ಬೀಳ್ತೀಯಾ?”

“ಅವರಿಗೆ ಗೊತ್ತೇ ಇಲ್ಲ ಬುಡವ್ವ.”

“ಗೊತ್ತಿರೋಳು ಒಬ್ಬಳು ಇದ್ದಾಳಲ್ಲ, ತಿಪಟೂರಲ್ಲೇ.”

ನನಗೆ ನಗು ಬರಲಿಲ್ಲ. ಆ ಬೈಗುಳಗಳು ಅವೇ, ಬಾಯಿ ತೆರೆದ ಮುಖಗಳೂ ಅವೇ. ನಾನು ಸಿಟ್ಟು ಮಾಡಿಕೊಂಡಿದ್ದ ಪಕ್ಷ ಮಾತ್ರ ಬೇರೆ. ಇನ್ನೊಂದು ಪಕ್ಷವಾದರೂ ಒಳ್ಳೆಯದು ಎಂದುಕೊಳ್ಳೋಣವೆಂದರೆ ಅದನ್ನು ಹೇಳುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ. ಒಂದು ಸಲ ತಪ್ಪು ಹೆಸರಿನ ಮೇಲೆ ಸಿಟ್ಟು ಮಾಡಿಕೊಂಡ ಮೇಲೆ ಸಿಟ್ಟನ್ನೇ ನಂಬಲು ಆಗುವುದಿಲ್ಲ.

ಶನಿವಾರ ಮೊದಲ ಬಸ್ಸಿಗೆ ಹೋಗಿ, ಇನ್ನೂ ಯಾರೂ ಬರುವ ಮುಂಚೆ ಕೂತೆ. ಫೋನಿನಲ್ಲಿ ಓದಿದ್ದು ಸಾಲದು, ಕೈಯಲ್ಲಿರುವ ಕೆಲಸದಲ್ಲೇ ತೋರಿಸಬೇಕು. ಪಕ್ಷದ ಹೆಸರಿಲ್ಲದ ಕಡತದಿಂದ ಅವಳ ಹೆಸರಿಗೆ ತಪ್ಪು ಬಿದ್ದಿದ್ದ ಮೊದಲ ಜಾಹೀರಾತು ತೆಗೆದೆ. ಚಿತ್ರ ನಿಲ್ಲಿಸಿ, ಹಿಗ್ಗಿಸಿ, ಅಡಿಯ ಸಾಲು ಓದಿದೆ. ಅದೇ ಸಮಿತಿಯ ಹೆಸರನ್ನು ಇನ್ನೊಂದು ಕಡತದಲ್ಲಿ ಹುಡುಕಿದೆ. ಅಲ್ಲಿ ಪಕ್ಷ ಸ್ಪಷ್ಟವಾಗಿತ್ತು. ಅವಳದೇ ಸರಿ. ಎರಡನೆಯದು ತೆಗೆದೆ, ಅವಳದೇ ಸರಿ. ಮೂರು, ನಾಲ್ಕು, ಐದು. ಪ್ರತಿಯೊಂದರ ಕೆಳಗೂ ನನ್ನದೇ ಕೈಬರಹದಂತೆ ಕೂತಿತ್ತು, ‘ಬಣ್ಣ ನೋಡಿ’. ಇಪ್ಪತ್ತನೆಯದಕ್ಕೆ ನಿಲ್ಲಿಸಿದೆ.

ಮ್ಯಾನೇಜರ್ ಬಂದದ್ದು ಹತ್ತೂವರೆಗೆ. ಎದುರಿಗೆ ಕೂತು ಎಲ್ಲ ಹೇಳಿದೆ. ಕೆಳಗೆ ಯಾರೋ ಮೂಟೆ ಎತ್ತುವಾಗ ಕೊಬ್ಬರಿ ಗಿಟುಕುಗಳು ಒಂದಕ್ಕೊಂದು ಬಡಿಯುವ ಸದ್ದು ಕೇಳುತ್ತಿತ್ತು.

“ಒಂದು ವಾರದ್ದು ಆಗಲೇ ಹೋಗಿದೆಯಲ್ಲಮ್ಮ” ಎಂದರು.

“ಹೋಗಿದೆ ಸಾರ್.”

“ಎಲ್ಲ ಉಲ್ಟಾ ಮಾಡಿಬಿಟ್ರೆ? ಇವರನ್ನ ಅವರು ಮಾಡೋದು, ಅವರನ್ನ ಇವರು ಮಾಡೋದು. ಅರ್ಧ ಗಂಟೆ ಕೆಲಸ.”

ಆಗುವುದಿಲ್ಲ ಎಂದೆ. ಎಲ್ಲವೂ ಉಲ್ಟಾ ಆಗಿಲ್ಲ, ಕೆಲವು ನಮ್ಮ ತಪ್ಪು ಪಾಠದಿಂದಲೂ ಸರಿ ಬಂದಿವೆ, ಒಂದೊಂದನ್ನೂ ತೆಗೆದು ಅಡಿಯ ಸಾಲು ಓದಬೇಕು. ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಈ ಕೆಲಸ ಕೈಬಿಟ್ಟರೆ ಈ ತಿಂಗಳಾಚೆ ಒಂಬತ್ತು ಜನಕ್ಕೂ ಕೂರಿಸಿ ಕೊಡಲು ಬೇರೆ ಕೆಲಸವಿಲ್ಲ ಎಂದರು. ಹೆದರಿಸಲು ಹೇಳಿದ ಮಾತಲ್ಲ, ಇದ್ದದ್ದೇ ಅದು. ಆಮೇಲೆ ನನ್ನ ಕಡೆ ತಿರುಗಿದರು.

“ನೋಡಮ್ಮ. ನಿನಗೆ ಆ ಪಕ್ಷಪಾತ ಅನ್ನೋ ಮಾತು ತಾನೇ ಬೇಡ? ತೆಗೆದುಹಾಕೋಣ. ವೇಗ ಸಾಲದು ಅಂತ ಬರಿಯೋಣ. ಹುಡುಗಿಗೂ ಕೆಟ್ಟ ಹೆಸರಿಲ್ಲ, ನಮ್ಮ ಕೆಲಸವೂ ಉಳೀತು. ಮುಂದಿನ ವಾರದಿಂದ ಸರಿಯಾಗಿ ಹಾಕಿದ್ರಾಯ್ತು. ಅವರಿಗೇನೂ ಗೊತ್ತಾಗಲ್ಲ.”

ಆ ಮಾತಿನಲ್ಲಿ ಆಸೆ ಹುಟ್ಟಿಸುವ ಒಂದು ಗುಣವಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಎಂ.ಎ. ಗೆ ಮಸಿ ಹತ್ತುತ್ತಿರಲಿಲ್ಲ. ಎಂಟು ಜನರ ಕೆಲಸ ಉಳಿಯುತ್ತಿತ್ತು. ಒಬ್ಬಳು ಹೋಗುತ್ತಿದ್ದಳು, ಅದೂ ಮರ್ಯಾದೆಯಿಂದ. ಆದರೆ ಹತ್ತು ದಿನ ನಾವು ನೋಡಿದ್ದು ಏನು? ಒಬ್ಬರ ಮುಖಕ್ಕೆ ಆಧಾರವಿಲ್ಲದೆ ಒಂದು ಹೆಸರು ಅಂಟಿಸಿದ್ದಾರೆಯೇ ಇಲ್ಲವೇ ಎಂಬುದನ್ನೇ. ನಾಲ್ಕನೆಯ ಪ್ರಶ್ನೆಗೆ ಸಾವಿರ ಸಲ ಉತ್ತರ ತುಂಬಿದ ಕೈ ನನ್ನದು. ನನ್ನ ಮುಂದಿದ್ದ ಪತ್ರಕ್ಕೆ ಅದೇ ಪ್ರಶ್ನೆ ಹಾಕಿದರೆ ಉತ್ತರ ಗೊತ್ತಿತ್ತು. ಪಕ್ಷಪಾತ ತೆಗೆದು ವೇಗ ಎಂದು ಬರೆದರೂ ಉತ್ತರ ಬದಲಾಗುತ್ತಿರಲಿಲ್ಲ.

“ಒಪ್ಪಿಗೆ ಹಾಕಲ್ಲ ಸಾರ್. ತಪ್ಪು ನನ್ನದು ಅಂತ ನಾನೇ ಅವರಿಗೆ ಬರೀತೀನಿ. ನೀವು ಓದಿ ಕಳಿಸಿ.”

“ಬರೆದ್ರೆ ಮೊದಲು ಹೋಗೋದು ನಿನ್ನ ಐಡಿ.”

“ಹೋಗಲಿ.”

ಅವರು ಬೇಡವೆನ್ನಲಿಲ್ಲ. ಆದರೆ ಬರೆಯುವಾಗ ಪಕ್ಕದಲ್ಲಿ ಕೂರಲೂ ಇಲ್ಲ. ನಾನು ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ. ಕೊನೆಗೆ ಉಳಿದದ್ದು ಸಣ್ಣದು. ನಮ್ಮ ದೇಶದಲ್ಲಿ ಕೆಂಪು ಎಡದವರ ಬಣ್ಣ, ನಿಮ್ಮಲ್ಲಿ ಹಾಗಲ್ಲ ಎಂದು ತಿಳಿಯದೆ ನಾನು ತಂಡಕ್ಕೆ ತಪ್ಪು ಹೇಳಿಕೊಟ್ಟೆ. ಕಳಿಸಿರುವ ಕೆಲಸದಲ್ಲಿ ಪಕ್ಷದ ಹೆಸರಿಲ್ಲದ ಕಡತವನ್ನು ಬಳಸಬೇಡಿ. ಸರಿಯಾಗಿ ಹಾಕಿದವಳು ಒಬ್ಬಳೇ, ತಂಡದ ನಿಯಮದ ಪ್ರಕಾರ ಅವಳನ್ನೇ ತಪ್ಪೆಂದು ಎಣಿಸಲಾಗಿದೆ. ಅವಳ ಐಡಿಯ ಸಂಖ್ಯೆ ಹಾಕಿದೆ, ನೋಡಿದ ಇಪ್ಪತ್ತು ಜಾಹೀರಾತುಗಳ ಪಟ್ಟಿ ಸೇರಿಸಿದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹೋಯಿತು.

ಭಾನುವಾರ ಹಗಲಿಡೀ ಉತ್ತರವಿಲ್ಲ. ರಾತ್ರಿ, ಸೋಮವಾರ ಬೆಳಿಗ್ಗೆ ಏಳಕ್ಕೆ ಕರೆಗೆ ಬನ್ನಿ ಎಂದು ಬಂತು. ನಾನು, ಮ್ಯಾನೇಜರ್, ಆ ಕಡೆ ಒಬ್ಬ ಅಮೆರಿಕದ ಹೆಂಗಸು. ಕೈಪಿಡಿ ಬರೆದವಳು ಅವಳೇ. ನಾನು ಮತ್ತೆ ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ಬಣ್ಣದ ವಿಷಯ ಬರೆಯಬೇಕೆ ಎಂದು ತನಗೆ ಯೋಚನೆಯೇ ಬಂದಿರಲಿಲ್ಲ, ಕೈಪಿಡಿ ತಿದ್ದುತ್ತೇನೆ ಎಂದಳು. ನನ್ನ ತಪ್ಪನ್ನು ತಪ್ಪಲ್ಲ ಎನ್ನಲಿಲ್ಲ. ಆ ಕಡತವನ್ನು ಪೂರ್ತಿ ಮತ್ತೆ ಮಾಡಿ, ಕೊನೆಯ ದಿನ ಮುಂದಕ್ಕೆ ಹೋಗುವುದಿಲ್ಲ ಎಂದಳು. ಸಮಿತಿಗಳ ಪಟ್ಟಿಯನ್ನು ಕೆಲಸದ ಪುಟದಲ್ಲೇ ಇಟ್ಟುಕೊಳ್ಳಲು ಒಪ್ಪಿದಳು. ಕೊನೆಗೆ ಇನ್ನೊಂದು ಮಾತು. ಮುಂದಿನ ಪಂಚಾಯ್ತಿ ನಾನು ಮಾಡುವಂತಿಲ್ಲ. ಆ ಐಡಿಯವಳಿಗೆ ಕೊಡಿ.

ಒಳಗೆ ಹೋಗಿ ಎಲ್ಲರನ್ನೂ ಕೂರಿಸಿ ಹೇಳಿದೆ. ಬೋರ್ಡಿನ ಮೇಲೆ ನಾನು ಬರೆದದ್ದು ಇನ್ನೂ ಇತ್ತು, ಅದನ್ನು ಅವರ ಮುಂದೆಯೇ ಒರೆಸಿದೆ. ಟೀ ಕುಡಿಯುವಾಗ ಆಡಿದ ಮಾತನ್ನು ನಾನು ಅವತ್ತೇ ತಡೆಯಬೇಕಿತ್ತು, ತಡೆಯಲಿಲ್ಲ, ಅದೂ ನನ್ನ ತಪ್ಪು ಎಂದೆ. ಹೊನ್ನವಳ್ಳಿಯವನು ಕೀಬೋರ್ಡ್ ಕಡೆ ನೋಡುತ್ತ ಕೂತಿದ್ದ.

ಮುಂದಿನ ಒಂಬತ್ತು ದಿನ ಉಸಿರಾಡಲು ಪುರುಸೊತ್ತಿರಲಿಲ್ಲ. ಅವಳು ಬಾಯಿಪಾಠದ ಸಮಿತಿಗಳನ್ನು ಒಂದೊಂದಾಗಿ ಹೇಳಿದಳು, ನಾವು ಪಕ್ಷದ ಹೆಸರಿರುವ ಕಡತದಲ್ಲಿ ಹುಡುಕಿ ತಾಳೆ ನೋಡಿದ ಮೇಲೆಯೇ ಪಟ್ಟಿಗೆ ಸೇರಿಸಿದೆವು. ಎರಡು ಕಡೆ ಅವಳ ನೆನಪೂ ತಪ್ಪಿತ್ತು. ಅವಳೇ ಮೊದಲು ಕಂಡುಹಿಡಿದು ಅಳಿಸಿದಳು. ಎಲ್ಲೂ ತಾಳೆ ಸಿಗದ ಸಮಿತಿಗಳಿಗೆ ‘ಗೊತ್ತಿಲ್ಲ’ ಎಂದು ಹಾಕಿದೆವು. ಆ ಉತ್ತರ ಮೊದಲಿನಿಂದಲೂ ಪುಟದಲ್ಲಿತ್ತು. ನಮ್ಮಲ್ಲಿ ಯಾರೂ, ಮುಖ್ಯವಾಗಿ ನಾನು, ಅದನ್ನು ಒಂದು ಸಲವೂ ಒತ್ತಿರಲಿಲ್ಲ.

ಮೂರನೆಯ ದಿನ ಹೊನ್ನವಳ್ಳಿಯವನು ತನ್ನ ಕುರ್ಚಿಯನ್ನು ಅವಳ ಕಡೆಗೆ ತಳ್ಳಿಕೊಂಡು ಬಂದ.

“ಈ ಸಮಿತಿ ಎಲ್ಲಾದ್ರೂ ಬಂದಿತ್ತೇನಮ್ಮ? ನಂಗೆ ಸಿಗ್ತಾ ಇಲ್ಲ.”

ಅವಳು ನೋಡಿ, ಬಂದಿಲ್ಲ, ಗೊತ್ತಿಲ್ಲ ಅಂತ ಹಾಕಿ ಅಣ್ಣ ಎಂದಳು. ಅವನು ಹೋಗದೆ ನಿಂತ. “ಅವತ್ತು ಟೀ ಕುಡಿಯೋವಾಗ ನಾನು ಆಡಿದ್ದು ಜಾಸ್ತಿ ಆಯ್ತು.” ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಜಾಸ್ತಿನೇ ಆಯ್ತು ಅಣ್ಣ” ಎಂದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಅವನೂ ಅದನ್ನು ಕೇಳಿಕೊಂಡು ಕುರ್ಚಿ ಹಿಂದಕ್ಕೆ ತಳ್ಳಿಕೊಂಡು ಹೋದ.

ಕೊನೆಯ ದಿನದ ಹಿಂದಿನ ಮಧ್ಯಾಹ್ನ ನನ್ನ ಪಾಲಿಗೆ ಒಂದು ಕರಪತ್ರ ಬಂತು. ಎದುರಾಳಿಯ ಬಾಯಿ ಅರ್ಧ ತೆರೆದಿತ್ತು, ಮೇಲೆ ದಪ್ಪಕ್ಷರದಲ್ಲಿ ಉಗ್ರ. ಇಂಥ ನೂರು ನೋಡಿದ ಕಣ್ಣಿಗೆ ಇದು ಯಾವ ಕಡೆಯವರದ್ದೆಂದು ತಟ್ಟನೆ ಹೊಳೆದುಹೋಯಿತು. ಗಡಿಯಾರ ಓಡುತ್ತಿತ್ತು. ಹಾಕಿ ಮುಂದಕ್ಕೆ ಹೋದೆ.

ಸ್ವಲ್ಪ ಹೊತ್ತಿಗೆ ಅದು ವಾಪಸ್ ಬಂತು. ಪಂಚಾಯ್ತಿಯ ಚೌಕದಲ್ಲಿ ಎರಡೇ ಮಾತು ಬರೆದಿತ್ತು.

‘ಚೀಟಿ ನೋಡಿ.’

ನಾನು ಚಿತ್ರ ಹಿಗ್ಗಿಸಿ ಅಡಿಯ ಸಾಲು ಓದಿದೆ. ಉತ್ತರ ಬದಲಾಯಿಸಿದೆ.